ಗಾಡಿಯ ಹಾಸಿನಿಂದ ಮೋಟಾರಿನ ಮೆತ್ತೆಯವರೆಗೆ

ಮೋಟಾರು ಗಾಡಿಯ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದರ ಯಂತ್ರದ ಚರಿತ್ರೆಯನ್ನೇ ಬರೆದಿದ್ದಾರೆ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಚಕ್ರದ ವಾಹನಕ್ಕೆ ಹಕ್ಕುಪತ್ರವನ್ನು ಪಡೆದದ್ದೂ, ಅಮೆರಿಕದ ಹೆನ್ರಿ ಫೋರ್ಡ್ 1908ರಲ್ಲಿ ತನ್ನ ‘ಟಿ’ ಮಾದರಿಯ ಕಾರನ್ನು ಹೊರತಂದದ್ದೂ ಶಾಲೆಯ ಹುಡುಗರಿಗೂ ತಿಳಿದ ಸಂಗತಿ. ಆದರೆ ಗಾಡಿಯೊಳಗೆ ಕೂತು ಹೋಗುವವರ ಮೈಗೆ ತಾಕುವುದು ಯಂತ್ರವಲ್ಲ. ತಾಕುವುದು ಆಸನದ ಮೆತ್ತೆ, ಬಾಗಿಲಿನ ಒಳಹಲಗೆ, ತಲೆಯ ಮೇಲಿನ ಬಟ್ಟೆ, ಕಾಲಡಿಯ ಹಾಸು. ಯಂತ್ರ ಕೆಟ್ಟರೆ ಗಾಡಿ ನಿಲ್ಲುತ್ತದೆ, ಯಜಮಾನನಿಗೆ ಒಡನೆಯೇ ಗೊತ್ತಾಗುತ್ತದೆ. ಒಳಗಿನ ಉಡುಪು ಮಾತ್ರ ಸದ್ದಿಲ್ಲದೆ ಸವೆಯುತ್ತದೆ. ಸವೆದ ಮೇಲೂ ಗಾಡಿ ಓಡುತ್ತಲೇ ಇರುತ್ತದೆ. ಆದ್ದರಿಂದಲೇ ಅದರ ರಿಪೇರಿಯ ಕಥೆಯನ್ನು ಯಾರೂ ಬರೆದಿಡಲಿಲ್ಲ. ಆ ಕಥೆಯ ಒಂದು ಎಳೆಯನ್ನು ಹಿಡಿದು ಹೊರಟರೆ, ದೂರದ ಮ್ಯಾಂಚೆಸ್ಟರಿಗೂ ನಮ್ಮ ಕಡೂರು ಸೀಮೆಯ ತೆಂಗಿನ ತೋಟಕ್ಕೂ ಇರುವ ನಂಟು ನಿಮ್ಮ ಕಣ್ಣಿಗೆ ಬೀಳುತ್ತದೆ.

ಚಿಕ್ಕಮಗಳೂರು ಜಿಲ್ಲೆಯೆಂದರೆ ಕಾಫಿ, ಮಳೆ, ಕಾಡು ಎಂದು ನಾವು ನೆನೆಯುತ್ತೇವೆ. ಆದರೆ 1947ರವರೆಗೆ ಆ ಜಿಲ್ಲೆಗಿದ್ದ ಹೆಸರೇ ಕಡೂರು ಜಿಲ್ಲೆ. ಕಡೂರಿನ ಬಯಲಿನಲ್ಲಿ ಮಲೆನಾಡಿನ ಮಳೆಯಿಲ್ಲ. ಈ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾದ ಯಗಟಿಯ ಸುತ್ತ ನೋಡಿದರೆ ರಾಗಿಯ ಹೊಲ, ಕುರಿಯ ಹಿಂಡು, ತೆಂಗಿನ ತೋಟ. ಇವುಗಳ ಜೊತೆಗೆ ಈ ಸೀಮೆಯ ಹೆಮ್ಮೆಯೆಂದರೆ ಅಮೃತ ಮಹಲ್ ತಳಿಯ ದನಗಳು. ಬೀರೂರು, ಬಾಸೂರು ಕಡೆಯ ಕಾವಲುಗಳು ಅವುಗಳ ಮೇವಿಗೆ ಮೀಸಲಾಗಿದ್ದವು. ಅಜ್ಜಂಪುರದಲ್ಲಿ ಅವುಗಳ ತಳಿ ಸಂವರ್ಧನ ಕೇಂದ್ರವು 1929ರಲ್ಲಿ ಪ್ರಾರಂಭವಾಯಿತು. ಒಂದು ಗಾಡಿಯ ಒಳಭಾಗಕ್ಕೆ ಏನೇನು ಬೇಕು ಎಂದು ಯೋಚಿಸಿ ನೋಡಿ: ಚರ್ಮ ಬೇಕು, ಉಣ್ಣೆ ಬೇಕು, ನಾರು ಬೇಕು. ಈ ಮೂರೂ ಈ ಬಯಲಿನಲ್ಲಿ ಹುಟ್ಟುವ ಪದಾರ್ಥಗಳೇ.

ಮೋಟಾರು ಬರುವ ಮೊದಲೇ ಈ ಸೀಮೆಯ ಜನ ಗಾಡಿಯ ಒಳಗನ್ನು ಸಜ್ಜುಗೊಳಿಸುವ ವಿದ್ಯೆಯನ್ನು ಬಲ್ಲವರಾಗಿದ್ದರು. ಜಾತ್ರೆಗೋ ಮದುವೆಗೋ ಹೊರಡುವ ಕಮಾನು ಗಾಡಿಗೆ ಮೊದಲು ಹುಲ್ಲಿನ ದಪ್ಪ ಹಾಸು, ಅದರ ಮೇಲೆ ಗೋಣಿ, ಗೋಣಿಯ ಮೇಲೆ ಕಂಬಳಿ, ಎಲ್ಲಕ್ಕಿಂತ ಮೇಲೆ ಜಮಖಾನ. ಹುಲ್ಲು ತಗ್ಗಿದರೆ ಬದಲಿಸುತ್ತಿದ್ದರು. ಕಂಬಳಿ ಹರಿದರೆ ಹೊಲಿಯುತ್ತಿದ್ದರು. ಕುರುಬರ ಮಗ್ಗದಲ್ಲಿ ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿಯನ್ನು ಹಾಕಿ ಬಿಗಿ ಮಾಡುವುದುಂಟು. ಅಂಥ ಕಂಬಳಿ ಬೇಗ ಸವೆಯದು. ಇಲ್ಲಿ ಗಮನಿಸಬೇಕಾದ ತತ್ತ್ವ ಒಂದಿದೆ. ಹಾಸು ಒಂದೇ ಪದಾರ್ಥದ್ದಲ್ಲ, ಪದರಪದರವಾದದ್ದು. ಸವೆದ ಪದರವನ್ನು ಮಾತ್ರ ತೆಗೆದು ಉಳಿದದ್ದನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಅಗ್ಗದ ರಿಪೇರಿಯ ಗುಟ್ಟೆಲ್ಲ ಇಷ್ಟರಲ್ಲೇ ಅಡಗಿದೆ.

ಯೂರೋಪಿನಲ್ಲಿಯೂ ಮೋಟಾರಿನ ಒಳಾಂಗಣ ಹುಟ್ಟಿದ್ದು ಕುದುರೆ ಸಾರೋಟಿನ ಕೊಟ್ಟಿಗೆಯಲ್ಲಿಯೇ. ಇಂದಿಗೂ ನಾವು ಚಾಲಕನ ಮುಂದಿನ ಫಲಕವನ್ನು ಡ್ಯಾಶ್‌ಬೋರ್ಡ್ ಎನ್ನುತ್ತೇವಷ್ಟೆ. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸಾರಥಿಯ ಮೈಗೆ ರಾಚದಿರಲೆಂದು ಸಾರೋಟಿನ ಮುಂದೆ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರಿತ್ತು. ಕುದುರೆ ಹೋಯಿತು, ಕೆಸರು ಹೋಯಿತು, ಹಲಗೆ ಮಾತ್ರ ಹೆಸರಿನ ಸಮೇತ ಉಳಿಯಿತು. ಇನ್ನೊಂದು ವಿಚಿತ್ರವನ್ನು ಕೇಳಿ. ಇಂದು ಚರ್ಮದ ಆಸನವೆಂದರೆ ಸಿರಿವಂತಿಕೆಯ ಗುರುತು. ಸಾರೋಟಿನ ಕಾಲದಲ್ಲಿ ಸಂಗತಿ ಬಹುಮಟ್ಟಿಗೆ ತಿರುಗುಮುರುಗು. ಮಳೆಗಾಳಿಗೆ ಒಡ್ಡಿಕೊಂಡು ಹೊರಗೆ ಕೂರುವ ಸಾರಥಿಗೆ ಚರ್ಮ. ಒಳಗೆ ಬೆಚ್ಚಗೆ ಕೂರುವ ಯಜಮಾನನಿಗೆ ನಯವಾದ ಉಣ್ಣೆಯ ಬಟ್ಟೆ. ಮೊದಮೊದಲ ದೊಡ್ಡ ಮೋಟಾರುಗಳಲ್ಲಿಯೂ ಇದೇ ಪದ್ಧತಿ ಮುಂದುವರಿಯಿತು. ಯಾವುದು ಬಡವರದು, ಯಾವುದು ಬಲ್ಲಿದರದು ಎಂಬುದನ್ನು ಪದಾರ್ಥ ತೀರ್ಮಾನಿಸುವುದಿಲ್ಲ, ಕಾಲ ತೀರ್ಮಾನಿಸುತ್ತದೆ.

ಇನ್ನು ಮೆತ್ತೆಯ ಹೊಟ್ಟೆಯೊಳಗಣ ಕಥೆ. ಹಳೆಯ ಸಾರೋಟುಗಳಲ್ಲಿ ಮೆತ್ತೆಗೆ ಕುದುರೆಯ ಕೂದಲನ್ನು ತುಂಬುತ್ತಿದ್ದರು. ನೆಟ್ಟಗಿರುವ ಕೂದಲನ್ನು ಹಾಗೆಯೇ ತುಂಬಿದರೆ ಅದು ಒಂದೇ ವಾರದಲ್ಲಿ ಚಪ್ಪಟೆಯಾಗುತ್ತದೆ. ಅದಕ್ಕಾಗಿ ಕೂದಲನ್ನು ಹಗ್ಗದಂತೆ ಬಿಗಿಯಾಗಿ ಹೊಸೆದು, ಕುದಿಸಿ, ಒಣಗಿಸಿ, ಆಮೇಲೆ ಬಿಡಿಸಿ ಹಿಂಜುತ್ತಿದ್ದರು. ಆಗ ಪ್ರತಿಯೊಂದು ಕೂದಲೂ ಸಣ್ಣದೊಂದು ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡು, ಅದುಮಿದರೆ ತಗ್ಗಿ, ಬಿಟ್ಟರೆ ಏಳುತ್ತಿತ್ತು. ಕುದುರೆಯ ಕೂದಲು ದುಬಾರಿಯಾದಾಗ ಇದೇ ಉಪಾಯವನ್ನು ತೆಂಗಿನ ನಾರಿಗೆ ಅನ್ವಯಿಸಿದರು. ನಾರನ್ನು ಬಾಚಿ, ಹಗ್ಗವಾಗಿ ಹೊಸೆದು, ಸುರುಳಿ ನಿಲ್ಲುವವರೆಗೆ ಹಾಗೆಯೇ ಇಟ್ಟು, ಆಮೇಲೆ ಬಿಡಿಸುವುದು. ಅದರ ಮೇಲೆ ರಬ್ಬರಿನ ಹಾಲನ್ನು ಚಿಮುಕಿಸಿ ಕಾಯಿಸಿದರೆ ನಾರುಗಳು ಒಂದಕ್ಕೊಂದು ಅಂಟಿಕೊಂಡು ಗಾಳಿಯಾಡುವ ಗಟ್ಟಿ ಮೆತ್ತೆಯಾಗುತ್ತದೆ. ಜಗತ್ತಿಗೆಲ್ಲ ಹೆಸರಾದ ಫೋಕ್ಸ್‌ವಾಗನ್ ಬೀಟಲ್ ಕಾರಿನ ಆಸನದಲ್ಲಿಯೂ ತೆಂಗಿನ ನಾರಿನ ಮೆತ್ತೆಯಿತ್ತು. ಹಳೆಯ ಬೀಟಲಿನೊಳಗಿನ ಒಂದು ಬಗೆಯ ವಾಸನೆಗೆ ಈ ಮೆತ್ತೆಯೇ ಕಾರಣವೆಂದು ಅದರ ಅಭಿಮಾನಿಗಳು ಹೇಳುವುದುಂಟು.

ನಮ್ಮ ತಿಪಟೂರು, ಅರಸೀಕೆರೆ, ಕಡೂರು ಸೀಮೆಯಲ್ಲಿ ಬಲಿತ ತೆಂಗಿನಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿಯಾದ ಮೇಲೆ ಉಳಿಯುವ ಮಟ್ಟೆಯನ್ನು ಬಹುಕಾಲ ಒಲೆಗೆ ಹಾಕುತ್ತಿದ್ದರು. ಕಡಲ ತೀರದಲ್ಲಿ ಎಳೆಯ ಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ತೆಗೆಯುವ ಬಿಳಿಯ ನಾರು ಹಗ್ಗಕ್ಕೂ ಚಾಪೆಗೂ ಹೆಸರಾದದ್ದು. ಬಲಿತ ಮಟ್ಟೆಯಿಂದ ಬರುವ ಕಂದು ನಾರು ಒರಟು. ಹಗ್ಗಕ್ಕಿಂತ ಮೆತ್ತೆಗೇ ಹೆಚ್ಚು ಒಪ್ಪುವಂಥದು. ಹೀಗೆ ಒಲೆಗೆ ಹೋಗಬೇಕಾದದ್ದು ಹಾಸಿಗೆಗೂ ಬಸ್ಸಿನ ಸೀಟಿಗೂ ಹೋಯಿತು. 1953ರಲ್ಲಿ ತೆಂಗಿನ ನಾರಿನ ಉದ್ಯಮಕ್ಕೆಂದೇ ಕಾಯಿದೆಯಾಗಿ, ಅದರಂತೆ ಕಾಯರ್ ಮಂಡಲಿ ಸ್ಥಾಪಿತವಾಯಿತು.

ಮೆತ್ತೆಯ ಹೊಟ್ಟೆಯನ್ನು ತುಂಬಿದ್ದಾಯಿತು. ಅದರ ಚರ್ಮದ ಮಾತೇನು? ನಿಜವಾದ ಚರ್ಮ ಎಲ್ಲರಿಗೂ ಎಟುಕುವಂಥದಲ್ಲ. ಬಟ್ಟೆಯ ಮೇಲೆ ಏನನ್ನಾದರೂ ಬಳಿದು ಚರ್ಮದಂತೆ ಕಾಣಿಸಬಹುದೇ ಎಂದು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಯೋಚಿಸಿದರು. ಹತ್ತಿಯನ್ನು ತೀಕ್ಷ್ಣ ಆಮ್ಲದಲ್ಲಿ ಸಂಸ್ಕರಿಸಿದರೆ ಸಿಡಿಮದ್ದಿನ ಪದಾರ್ಥವಾಗುತ್ತದೆ. ಅದೇ ಜಾತಿಯ ಪದಾರ್ಥವನ್ನು ಮದ್ಯಸಾರದಲ್ಲಿ ಕರಗಿಸಿ, ಕರ್ಪೂರದ ಎಣ್ಣೆಯನ್ನೂ ಬಣ್ಣವನ್ನೂ ಬೆರೆಸಿ, ಬಟ್ಟೆಗೆ ಬಳಿದು, ಮೇಲೆ ಚರ್ಮದ ಗೆರೆಗಳನ್ನು ಒತ್ತಿದರೆ ಅದೇ ರೆಕ್ಸಿನ್! ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿಯ ಹೈಡ್ ಎಂಬಲ್ಲಿಯ ಒಂದು ಕಂಪನಿಯ ವ್ಯಾಪಾರದ ಹೆಸರದು. ಅತ್ತ ಅಮೆರಿಕದಲ್ಲಿ ಮದ್ದು ತಯಾರಿಸುತ್ತಿದ್ದ ಡ್ಯುಪಾಂಟ್ ಸಂಸ್ಥೆಯು 1910ರಲ್ಲಿ ಫ್ಯಾಬ್ರಿಕಾಯ್ಡ್ ಎಂಬ ಇಂಥದೇ ಬಟ್ಟೆಯ ಕಂಪನಿಯನ್ನು ಕೊಂಡುಕೊಂಡಿತು. ಕೋವಿಯ ಮದ್ದಿಗೂ ಕೂರುವ ಮೆತ್ತೆಗೂ ಹೀಗೊಂದು ದಾಯಾದಿ ಸಂಬಂಧ. ಮುಂದೆ 1926ರಲ್ಲಿ ವಾಲ್ಡೊ ಸೆಮನ್ ಎಂಬ ಅಮೆರಿಕನ್ ರಸಾಯನಶಾಸ್ತ್ರಜ್ಞನು ಪಿ.ವಿ.ಸಿ.ಯನ್ನು ಮೆದುವಾಗಿಸುವ ದಾರಿಯನ್ನು ಕಂಡುಹಿಡಿದ ಮೇಲೆ ಹಳೆಯ ರೆಕ್ಸಿನ್ ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ಕನ್ನಡ ನಾಡಿನಲ್ಲಿ ಮಾತ್ರ ಹೊಸ ಬಟ್ಟೆಗೂ ರೆಕ್ಸಿನ್ ಎಂಬ ಹಳೆಯ ಹೆಸರೇ ನಿಂತಿತು. ನಿಮ್ಮ ಮನೆಯ ಸೋಫಾಕ್ಕೆ ಹೊದಿಸಿದ್ದೂ, ಊರಿನ ಬಸ್ಸಿನ ಸೀಟಿಗೆ ಹೊದಿಸಿದ್ದೂ ನಮ್ಮ ಮಾತಿನಲ್ಲಿ ರೆಕ್ಸಿನ್ನೇ.

ಇನ್ನು ನಮ್ಮ ನಾಡಿನ ಮೋಟಾರಿನ ಕಥೆಗೆ ಬರೋಣ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಂಡುಬಂದು, ಭಾರತದಲ್ಲಿಯೇ ಅಂಥದೊಂದನ್ನು ಸ್ಥಾಪಿಸಬೇಕೆಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅವರ ಜೊತೆಗೆ ನಿಂತರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆಯಾಯಿತು. ಮೈಸೂರು ಸರ್ಕಾರವೂ ಆಸಕ್ತಿ ತೋರಿತು. ಆದರೆ ಬ್ರಿಟಿಷ್ ಸರ್ಕಾರದ ಒಪ್ಪಿಗೆ ದೊರೆಯದೆ ಮೈಸೂರಿನ ಆಸೆ ಕೈಗೂಡಲಿಲ್ಲ. ಅದೇ ವಾಲ್‌ಚಂದರ ಯತ್ನದಿಂದ, ಮೈಸೂರು ಸಂಸ್ಥಾನದ ಸಹಾಯದೊಡನೆ, 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂದಿತು, ಮೋಟಾರಿನದು ಬರಲಿಲ್ಲ. ವಾಲ್‌ಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದರು. ಬಿರ್ಲಾ ಮನೆತನದ ಹಿಂದೂಸ್ಥಾನ್ ಮೋಟಾರ್ಸ್ ಅದಕ್ಕೂ ಮೊದಲೇ, 1942ರಲ್ಲಿ, ಹುಟ್ಟಿತ್ತು.

ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ಸರ್ಕಾರ ಒಂದು ನಿರ್ಧಾರವನ್ನು ಕೈಗೊಂಡಿತು. ಬಿಡಿಭಾಗಗಳನ್ನು ಹೊರಗಿನಿಂದ ತಂದು ಬರಿಯ ಜೋಡಣೆ ಮಾಡುವ ಕಂಪನಿಗಳಿಗೆ ಇನ್ನು ಅವಕಾಶವಿಲ್ಲ. ಇಲ್ಲಿಯೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ತಮ್ಮ ಜೋಡಣಾ ಶಾಲೆಗಳನ್ನು ಮುಚ್ಚಿದವು. ಉಳಿದವು ಹಿಂದೂಸ್ಥಾನದ ಅಂಬಾಸಡರ್, ಪ್ರೀಮಿಯರಿನ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಎಂಬ ಕೆಲವೇ ಹೆಸರುಗಳು. ಹೊಸ ಕಾರಿಗೆ ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಾಯಿತು. ಹೀಗಿರುವಾಗ ಇದ್ದ ಕಾರನ್ನು ಇಪ್ಪತ್ತು ಮೂವತ್ತು ವರ್ಷ ಬಾಳಿಸುವುದು ಹವ್ಯಾಸವಾಗಿರಲಿಲ್ಲ, ಅನಿವಾರ್ಯವಾಗಿತ್ತು. ಅಷ್ಟು ವರ್ಷದಲ್ಲಿ ಒಂದು ಮೆತ್ತೆ ಎಷ್ಟು ಬಾರಿ ಹರಿಯಬೇಡ, ಒಂದು ಬಾಗಿಲ ಹಲಗೆ ಎಷ್ಟು ಬಾರಿ ಊದಬೇಡ!

ಆ ಅನಿವಾರ್ಯದಿಂದ ಹುಟ್ಟಿದವನು ನಮ್ಮ ಊರುಗಳ ಕುಶನ್ ಕೆಲಸದವನು. ಕಡೂರು, ಬೀರೂರು, ತರೀಕೆರೆ, ಅರಸೀಕೆರೆ, ಯಾವ ಊರಿನ ಬಸ್ ನಿಲ್ದಾಣದ ಹತ್ತಿರ ಹೋದರೂ ಕುಶನ್ ವರ್ಕ್ಸ್ ಎಂಬ ಬೋರ್ಡನ್ನು ನೀವು ನೋಡಿರುತ್ತೀರಿ. ಅವನ ವಿದ್ಯೆಗೆ ಯಾವ ಒಂದು ಗುರುಪರಂಪರೆಯೂ ಇಲ್ಲ. ಮೋಚಿಯ ಉಳಿ, ಜೀನುಗಾರನ ಬಾಗಿದ ಸೂಜಿ, ದರ್ಜಿಯ ಯಂತ್ರ, ಹಾಸಿಗೆ ಹೊಲಿಯುವವನ ನಾರು, ಬಡಗಿಯ ಸುತ್ತಿಗೆ, ಇವೆಲ್ಲವೂ ಅವನ ಒಂದೇ ಪೆಟ್ಟಿಗೆಯಲ್ಲಿ ಸೇರಿದವು. ಅಂಬಾಸಡರಿನ ಮೆತ್ತೆಯನ್ನು ಹೊಲಿದ ಕೈಯೇ ಲಾರಿಯ ಸೀಟನ್ನೂ, ಸೈಕಲ್ಲಿನ ಸೀಟನ್ನೂ, ವೈದ್ಯರ ಮನೆಯ ಬೆಂಚನ್ನೂ ಹೊಲಿಯಿತು.

ಇಲ್ಲಿ ಒಂದು ಕಹಿಯಾದ ಸತ್ಯವನ್ನೂ ಹೇಳದೆ ವಿಧಿಯಿಲ್ಲ. ಚರ್ಮದ ಕೆಲಸ ಮಾಡುವವರನ್ನು ನಮ್ಮ ಸಮಾಜ ಊರ ಹೊರಗೆ ಇಟ್ಟಿತ್ತು. ಆಸನವನ್ನು ಹೊಲಿಯುವ ಕೈ ಬೇಕು, ಆದರೆ ಆ ಕೈಯವನು ಪಕ್ಕದಲ್ಲಿ ಕೂರುವುದು ಬೇಡ ಎಂಬ ಅನ್ಯಾಯ ಹಳ್ಳಿಯ ಗಾಡಿಯಿಂದ ಮೋಟಾರಿಗೂ ಹತ್ತಿಕೊಂಡಿತ್ತು. 1955ರ ಅಸ್ಪೃಶ್ಯತಾ ಅಪರಾಧ ಕಾಯಿದೆಯು ದೇವಸ್ಥಾನ, ಬಾವಿ, ಹೋಟೆಲುಗಳ ಜೊತೆಗೆ ಸಾರ್ವಜನಿಕ ವಾಹನಗಳ ಹೆಸರನ್ನೂ ಎತ್ತಿ, ಅಲ್ಲಿ ಯಾರನ್ನೂ ತಡೆಯುವುದು ಅಪರಾಧವೆಂದು ಸಾರಿತು. ಕಾನೂನಿನ ಪುಸ್ತಕದಲ್ಲಿ ವಾಹನದ ಹೆಸರು ಏಕೆ ಬೇಕಾಯಿತು ಎಂದು ಕೇಳಿಕೊಂಡರೆ, ಆ ಕಾಲದ ಬಸ್ಸಿನೊಳಗಿನ ಚರಿತ್ರೆ ತಾನಾಗಿಯೇ ಹೊಳೆಯುತ್ತದೆ. ಮೆತ್ತೆಯ ಚರಿತ್ರೆಯೆಂದರೆ ಬರಿಯ ನಾರು ಬಟ್ಟೆಗಳದಲ್ಲ. ಅದರ ಮೇಲೆ ಯಾರು ಕೂತರು, ಯಾರು ನಿಂತರು ಎಂಬುದರದೂ ಹೌದು.

ಆ ಕೆಲಸಗಾರರು ಬಳಸಿ ಉಳಿಸಿದ ಉಪಾಯಗಳನ್ನು ಈಗ ನಿಮ್ಮ ಉಪಯೋಗಕ್ಕಾಗಿ ಹೇಳಬೇಕು. ನಿಮ್ಮ ಬಳಿ ಹಳೆಯ ಕಾರಿದ್ದರೆ ಇವು ಇಂದಿಗೂ ಸಲ್ಲುತ್ತವೆ.

ಮೊದಲನೆಯದು, ಹರಿದದ್ದು ಬಟ್ಟೆಯೋ ಹೊಲಿಗೆಯೋ ಎಂದು ನೋಡುವುದು. ಆಸನ ಹರಿದಿದೆ ಎಂದು ನಾವು ಅಂದುಕೊಳ್ಳುವ ಕಡೆಗಳಲ್ಲಿ ಎಷ್ಟೋ ಬಾರಿ ದಾರ ಮಾತ್ರ ಕೊಳೆತಿರುತ್ತದೆ. ಹಳೆಯ ತೂತುಗಳಲ್ಲಿಯೇ ಮೇಣ ಹಾಕಿದ ಗಟ್ಟಿ ದಾರದಿಂದ, ಬಾಗಿದ ಸೂಜಿ ಹಿಡಿದು ಹೊಲಿದರೆ ಸಾಕು. ಹೊಸ ತೂತು ಮಾಡಿದರೆ ಅಂಚು ಜಾಲರಿಯಂತಾಗಿ ಮತ್ತೆ ಕಿತ್ತುಬರುತ್ತದೆ.

ಎರಡನೆಯದು, ಬಟ್ಟೆಯೇ ಸೀಳಿದ್ದರೆ ತೇಪೆಯನ್ನು ಮೇಲೆ ಹಾಕದೆ ಕೆಳಗೆ ಹಾಕುವುದು. ಗಟ್ಟಿಯಾದ ಹತ್ತಿ ಬಟ್ಟೆಯ ತುಂಡನ್ನು ಸೀಳಿನ ಮೂಲಕ ಒಳಗೆ ತೂರಿಸಿ, ಹರಡಿ, ಅಂಟು ಹಚ್ಚಿ, ಸೀಳಿನ ಎರಡು ಅಂಚುಗಳನ್ನು ಕೂಡಿಸಿ ಅದುಮಿಡಬೇಕು. ಮೇಲೆ ಹಾಕಿದ ತೇಪೆ ಕೂತೇಳುವ ಉಜ್ಜಿಗೆ ಎದ್ದುಬರುತ್ತದೆ. ಕೆಳಗಿನದು ಭಾರಕ್ಕೆ ಇನ್ನಷ್ಟು ಕಚ್ಚುತ್ತದೆ.

ಮೂರನೆಯದು, ತಗ್ಗಿದ ಆಸನಕ್ಕೆ ಮೇಲಿನಿಂದ ದಿಂಬು ಹಾಕುವ ಬದಲು ಕೆಳಗಿನಿಂದ ನೋಡುವುದು. ಹಳೆಯ ಆಸನಗಳಲ್ಲಿ ಸ್ಪ್ರಿಂಗಿಗೂ ಮೆತ್ತೆಗೂ ನಡುವೆ ಗೋಣಿಯ ಪದರವಿರುತ್ತದೆ. ಗೋಣಿ ಹರಿದರೆ ಸ್ಪ್ರಿಂಗು ನಾರನ್ನು ಅರೆಯುತ್ತದೆ, ನಾರು ಪುಡಿಯಾಗಿ ನೆಲಕ್ಕೆ ಉದುರುತ್ತದೆ. ಕಾಲಡಿಯಲ್ಲಿ ಕಂದು ಪುಡಿ ಕಂಡರೆ ಅದೇ ಸೂಚನೆ. ಒಂದು ಗೋಣಿಯ ತುಂಡು, ಒಂದು ಹಾಳೆ ನಾರು, ಒಂದು ಉಂಡೆ ಹುರಿ. ಇಷ್ಟರಲ್ಲಿ ಆಸನ ಮತ್ತೆ ಏಳುತ್ತದೆ.

ನಾಲ್ಕನೆಯದು, ಊದಿದ ಬಾಗಿಲ ಹಲಗೆ. ಕಿಟಕಿಯ ಗಾಜಿನ ಸಂದಿನಿಂದ ಮಳೆಯ ನೀರು ಬಾಗಿಲಿನೊಳಕ್ಕೆ ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದು ಬಾಗಿಲಿನ ತಳದಲ್ಲಿ ತೂತುಗಳಿರುತ್ತವೆ. ಧೂಳು ಮೆತ್ತಿ ಅವು ಮುಚ್ಚಿದರೆ, ಇಲ್ಲವೇ ಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದರೆ, ಹಾರ್ಡ್‌ಬೋರ್ಡು ನೀರು ಕುಡಿದು ಊದುತ್ತದೆ. ತೂತನ್ನು ಬಿಡಿಸದೆ ಹಲಗೆಯನ್ನು ಮಾತ್ರ ಬದಲಿಸಿದರೆ ಮುಂದಿನ ಮಳೆಗಾಲಕ್ಕೆ ಅದೇ ಕಥೆ. ಹಳೆಯ ಹಲಗೆಯನ್ನೇ ಅಚ್ಚಾಗಿಟ್ಟು ಹೊಸ ಹಾರ್ಡ್‌ಬೋರ್ಡನ್ನು ಕತ್ತರಿಸಿ, ಹಳೆಯ ರೆಕ್ಸಿನ್ನನ್ನೇ ಅದಕ್ಕೆ ಎಳೆದು ಅಂಟಿಸಬಹುದು.

ಐದನೆಯದು ಮಾಡಬಾರದ ಕೆಲಸ. ರೆಕ್ಸಿನ್ನನ್ನು ಮೆದುವಾಗಿ ಇಡುವುದು ಅದರೊಳಗಿನ ಎಣ್ಣೆಯಂಥ ಪದಾರ್ಥ. ಬಿಸಿಲಿಗೆ ಅದು ಮೆಲ್ಲಗೆ ಆರಿಹೋಗುವುದರಿಂದಲೇ ರೆಕ್ಸಿನ್ ಬಿರಿಯುತ್ತದೆ. ಕೊಳೆ ತೆಗೆಯಲೆಂದು ಪೆಟ್ರೋಲು, ಥಿನ್ನರು ಹಾಕಿ ಉಜ್ಜಿದರೆ ಆ ಪದಾರ್ಥವನ್ನು ನಾವೇ ಕೈಯಾರೆ ಹಿಂಡಿ ತೆಗೆದಂತೆ. ಸ್ವಲ್ಪ ಸೋಪಿನ ನೀರು, ಒದ್ದೆ ಬಟ್ಟೆ, ನಿಲ್ಲಿಸಲು ಒಂದು ಮರದ ನೆರಳು, ಇವುಗಳಿಗಿಂತ ಅಗ್ಗದ ಔಷಧವಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಕಾಲ ತಿರುಗಿತು. ಫಿಯೆಟ್ ಮರೆಯಾಯಿತು, ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಹೊಸ ಕಾರುಗಳಲ್ಲಿ ನಾರು ಗೋಣಿಗಳ ಜಾಗಕ್ಕೆ ಅಚ್ಚಿನಲ್ಲಿ ಎರೆದ ಫೋಮ್ ಬಂದಿದೆ, ಹಾರ್ಡ್‌ಬೋರ್ಡಿನ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಪದರಗಳು ಮಾಯವಾಗಿ ಎಲ್ಲವೂ ಒಂದೇ ಎರಕವಾದ್ದರಿಂದ, ಒಂದು ಮೂಲೆ ಮುರಿದರೆ ಇಡೀ ಭಾಗವನ್ನೇ ಬದಲಿಸಿ ಎನ್ನುತ್ತಾರೆ. ಮೇಲ್ಛಾವಣಿಯ ಬಟ್ಟೆಯ ಹಿಂದೆ ಅಂಟಿಸಿದ ತೆಳು ಫೋಮ್ ಶಾಖಕ್ಕೂ ತೇವಕ್ಕೂ ಪುಡಿಯಾಗಿ, ಬಟ್ಟೆ ಜೋಲುವುದನ್ನು ನೀವು ನೋಡಿರಬಹುದು. ಅದಕ್ಕೆ ಗುಂಡುಸೂಜಿ ಚುಚ್ಚಿದರೆ ಪ್ರಯೋಜನವಿಲ್ಲ. ಹಲಗೆಯನ್ನು ಕೆಳಗಿಳಿಸಿ, ಹಳೆಯ ಪುಡಿಯನ್ನೆಲ್ಲ ಉಜ್ಜಿ ತೆಗೆದು, ಶಾಖ ತಡೆಯುವ ಅಂಟಿನಿಂದ ಹೊಸ ಬಟ್ಟೆಯನ್ನು ಹಾಕಬೇಕು. ಪುಡಿಯ ಮೇಲೆ ಹಚ್ಚಿದ ಅಂಟು ಪುಡಿಯನ್ನೇ ಹಿಡಿಯುತ್ತದೆ, ಹಲಗೆಯನ್ನು ಹಿಡಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ ಇಂದಿನ ಕಾರಿಗೆ ಮಾತ್ರ ಸೇರಿದ್ದು. ಅನೇಕ ಹೊಸ ಕಾರುಗಳಲ್ಲಿ ಆಸನದ ಪಕ್ಕದ ಹೊಲಿಗೆಯೊಳಗೆ ಅಪಘಾತದ ವೇಳೆ ಊದಿಕೊಳ್ಳುವ ಗಾಳಿಚೀಲವಿರುತ್ತದೆ. ಆ ಹೊಲಿಗೆಯನ್ನು ಬೇಕೆಂದೇ ಸುಲಭವಾಗಿ ಬಿಚ್ಚುವಂತೆ ಹೊಲಿದಿರುತ್ತಾರೆ. ಚೆಂದಕ್ಕೆಂದು ಅದರ ಮೇಲೆ ಬಿಗಿಯಾದ ಕವರು ಹಾಕಿಸಿದರೆ, ಇಲ್ಲವೇ ಅದನ್ನು ಗಟ್ಟಿ ದಾರದಿಂದ ಹೊಲಿಸಿದರೆ, ಜೀವ ಕಾಯುವ ಚೀಲ ಹೊರಗೆ ಬರಲಾರದು. ಆ ಒಂದು ಹೊಲಿಗೆಯಲ್ಲಿ ಮಾತ್ರ ಉಳಿತಾಯದ ಯೋಚನೆ ಬೇಡ. ಕಂಪನಿಯ ತಜ್ಞರಿಗೇ ಬಿಡಿ.

ನಾರು ಮಾತ್ರ ಸೋಲಲಿಲ್ಲ. 1990ರ ದಶಕದಲ್ಲಿ ಬ್ರೆಜಿಲ್ ದೇಶದ ಅಮೆಜಾನ್ ಪ್ರದೇಶದಲ್ಲಿ, ಬೆಲೆಂ ನಗರದ ವಿಶ್ವವಿದ್ಯಾನಿಲಯದ ಒಂದು ಯೋಜನೆಯ ಜೊತೆಗೂಡಿ, ಮರ್ಸಿಡಿಸ್ ಬೆಂಜ್ ತಯಾರಕರು ತೆಂಗಿನ ನಾರಿನ ತಲೆದಿಂಬು, ಆಸನಗಳನ್ನು ತಮ್ಮ ವಾಹನಗಳಿಗೆ ಬಳಸತೊಡಗಿದರು. ಸಣ್ಣ ರೈತರು ಎಸೆಯುತ್ತಿದ್ದ ಮಟ್ಟೆಗೆ ಬೆಲೆ ಬಂದಿತು. ಕಾರ್ಲ್ ಬೆಂಜನ ಹೆಸರು ಹೊತ್ತ ವಾಹನದೊಳಗೆ ನಮ್ಮ ಬಯಲಿನ ಪರಿಚಿತ ನಾರೇ ಬಂದು ಕೂತಿತು.

ಯಗಟಿಯ ತೋಟದ ಮಟ್ಟೆಗೂ ಅಂಥ ಯೋಗ್ಯತೆ ಉಂಟು; ಕಡೂರಿನ ಕುಶನ್ ಅಂಗಡಿಯವನ ಕೈಗೂ ಉಂಟು. ಇಂದು ಅವನ ಅಂಗಡಿಗೆ ಪೈಪೋಟಿ ಕೊಡುತ್ತಿರುವುದು ಇನ್ನೊಬ್ಬ ಕುಶಲಿಯಲ್ಲ, ಪೊಟ್ಟಣದಲ್ಲಿ ಬರುವ ಸಿದ್ಧ ಸೀಟ್ ಕವರು. ಅದು ಹರಿದದ್ದನ್ನು ಮುಚ್ಚುತ್ತದೆ, ಸರಿಪಡಿಸುವುದಿಲ್ಲ. ಕೆಳಗಿನ ನಾರು ಅರೆಯುತ್ತಲೇ ಹೋಗುತ್ತದೆ. ಆದ್ದರಿಂದ ಮುಂದಿನ ಬಾರಿ ನಿಮ್ಮ ಗಾಡಿಯ ಹೊಲಿಗೆ ಬಿಟ್ಟಾಗ, ಕವರನ್ನು ಕೊಳ್ಳುವ ಮೊದಲು ಆಸನವನ್ನು ಅವನ ಮುಂದೆ ಮಗುಚಿ ಹಾಕಿ, ಏನು ಕೆಟ್ಟಿದೆ ಎಂದು ಕೇಳಿರಿ. ಬಹುಶಃ ಒಂದು ಮೊಳ ಗೋಣಿ, ಒಂದು ಹಿಡಿ ನಾರು, ಅರ್ಧ ದಿನದ ಕೂಲಿಯಲ್ಲಿ ಕೆಲಸ ಮುಗಿದೀತು. ಆ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ.